ಹಿನಕಲ್ ಆಫೀಸಿನ ಕಾಫಿ

'ನಮ್ಮವರಿಗೆ ಟೋಪಿ ಹಾಕಿ ಒಳಗೆ ನುಗ್ಗಿ ತೋರಿಸಿ' ಅಂತ ತಮ್ಮ ಕಾವಲು ಎಷ್ಟು ಗಟ್ಟಿ ಅಂತ ನೋಡಲು ಕಂಪನಿಗಳೇ ನನ್ನನ್ನು ಕರೆಸಿ ಕೆಲಸ ಕೊಡುತ್ತವೆ. ಬೀಗ ಒಡೆಯಬೇಕಿಲ್ಲ. ಸ್ವಲ್ಪ ಹೆದರಿಸಿ, ಅವಸರಪಡಿಸಿದರೆ ಸಾಕು, ಜನ ತಾವೇ ಬಾಗಿಲು ತೆಗೆಯುತ್ತಾರೆ.

ಹಿನಕಲ್‌ನ ಒಂದು ಆಫೀಸಿಗೆ ಹೀಗೇ ಕಂಪ್ಯೂಟರ್ ರಿಪೇರಿಯವನ ವೇಷದಲ್ಲಿ ಹೋದೆ. ಬಾಗಿಲ ಬಳಿಯ ಟೇಬಲ್ ಹಿಂದೆ ಫಿಲೋಮಿನಾ ಅನ್ನುವವರು ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು.

"ಸರ್ವರ್ ರೂಮ್ ತೆಗೀರಿ ಮೇಡಂ, ಸಾಹೇಬ್ರೇ ಕಳಿಸಿದ್ದು. ತಡ ಆದ್ರೆ ನಿಮ್ಮನ್ನೇ ಬಯ್ತಾರೆ."

"ಬಯ್ದ್ರೆ ಬಯ್ಲಿ ಬುಡಿ. ಬಿಸಿಲಲ್ಲಿ ಬಂದಿದೀರ, ಕೂತ್ಕೊಂಡು ಕಾಫಿ ಕುಡೀರಿ. ಮನೆ ಎಲ್ಲಿ ನಿಮ್ದು?"

"ರಾಮಕೃಷ್ಣನಗರ," ಬಾಯಿಗೆ ಬಂದದ್ದು ಹೇಳಿದೆ.

"ಅಯ್ಯೋ, ನಮ್ಮಕ್ಕನ ಮನೇನೂ ಅಲ್ಲೇ! ಯಾವ ಕಡೆ? ಪಕ್ಕದ ಮನೆ ಯಾರ್ದು?"

ಎಂಥೆಂಥ ಪ್ರಶ್ನೆಗೋ ಸುಳ್ಳು ಹೊಂದಿಸಿಕೊಂಡು ಬಂದಿದ್ದೆ. ಪಕ್ಕದ ಮನೆಯವರನ್ನು ಮಾತ್ರ ಹುಟ್ಟಿಸಿರಲಿಲ್ಲ. "ಅದೆಲ್ಲ ಆಮೇಲೆ ಮೇಡಂ, ಅವಸರ ಇದೆ," ಅಂದೆ.

"ಅವಸರದಲ್ಲಿ ನೆನಪಾಗಲ್ಲ ಕಣ್ರೀ. ನಿಧಾನಕ್ಕೆ ಕುಡೀರಿ, ಅಷ್ಟರಲ್ಲಿ ಸಾಹೇಬ್ರನ್ನ ಒಂದ್ಮಾತು ಕೇಳ್ತೀನಿ," ಅಂತ ನಗುತ್ತಲೇ ಫೋನೆತ್ತಿದರು.

ರಿಪೇರಿಗೆ ಯಾರನ್ನೂ ಕಳಿಸಿಲ್ಲ ಅಂದರು ಸಾಹೇಬರು; ಸಿಕ್ಕಿಬಿದ್ದೆ. ಇಷ್ಟು ಖುಷಿಯಾಗಿ ನಾನು ಯಾವತ್ತೂ ಸೋತಿರಲಿಲ್ಲ.

ಬಾಗಿಲಿಗೆ ಯಾವ ಹೊಸ ಯಂತ್ರ ಹಾಕಿಸಲಿ ಅಂತ ಆಮೇಲೆ, ನನ್ನನ್ನು ಕರೆಸಿದ್ದ ಅದೇ ಸಾಹೇಬರು ಕೇಳಿದರು. ಯಂತ್ರ ಬೇಡ, ಆಕೆಗೆ ಇನ್ನೊಂದು ದೊಡ್ಡ ಫ್ಲಾಸ್ಕ್ ಕೊಡಿಸಿ ಅಂದೆ.