ಸೀರೆ ಕೌಂಟರಿನಲ್ಲಿ ಕೇಳದ ಕ್ಷಮೆ

ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳಲ್ಲಿ ನಾನು ಚೆನ್ನೈನ ಟಿ. ನಗರದ ಒಂದು ದೊಡ್ಡ ಜವಳಿ ಅಂಗಡಿಯಲ್ಲಿ ಸೀರೆ ಮಾರುತ್ತಿದ್ದೆ. ನಮ್ಮ ಮನೆ ಕಡಲಂಚಿನ ರಾಯಪುರಂನಲ್ಲಿತ್ತು. ಅಪ್ಪ ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿದ್ದರು. ತಾತನ ಕಾಲದಲ್ಲಿ ಮೈಸೂರು ಕಡೆಯಿಂದ ಬಂದವರು ನಾವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕಾಲೇಜು ಓದಿದ ಹುಡುಗಿ ಜವಳಿ ಅಂಗಡಿಯಲ್ಲಿ ನಿಲ್ಲುವುದೇ ಎಂದು ನೆಂಟರು ಮೂಗು ಮುರಿದಿದ್ದರು. ನನಗಂತೂ ಆ ಕೆಲಸ ಹಿಡಿಸಿತ್ತು. ಮಡಿಕೆ ಬಿಚ್ಚಿ ಸೆರಗನ್ನು ಒಂದೇ ಬೀಸಿಗೆ ಹರವಿದಾಗ ಎದುರಿಗಿದ್ದವರ ಮುಖ ಅರಳುವುದನ್ನು ನೋಡುವುದೇ ಒಂದು ಸುಖ.

ದೀಪಾವಳಿ ಸೇಲ್ ಬಂತೆಂದರೆ ಮಾತ್ರ ಆ ಮುಖಗಳೆಲ್ಲ ಬೇರೆಯಾಗುತ್ತಿದ್ದವು. ಶಟರ್ ಅರ್ಧ ಏಳುವ ಮೊದಲೇ ಜನ ಬಗ್ಗಿ ಒಳಗೆ ನುಗ್ಗುತ್ತಿದ್ದರು. ಯಾರದೋ ಚಪ್ಪಲಿ, ಯಾರದೋ ಕುಪ್ಪಸದ ಪಿನ್ನು ಬಾಗಿಲಲ್ಲೇ ಉಳಿಯುತ್ತಿದ್ದವು. ಒಬ್ಬಾಕೆ ತಾನು ಆರಿಸಿದ ಸೀರೆಗಳನ್ನು ಬೇರೆಯವರು ಮುಟ್ಟಬಾರದೆಂದು ಅವುಗಳ ಮೇಲೆ ಕೂತೇ ಬಿಟ್ಟಿದ್ದಳು. ಇನ್ನೊಬ್ಬಳು ಪಕ್ಕದವಳ ಬುಟ್ಟಿಯಿಂದ ಸೀರೆ ಎಗರಿಸಿ, ಸಿಕ್ಕಿಬಿದ್ದಾಗ, "ಬಿಲ್ ಹಾಕಿಸೋವರೆಗೆ ಅದು ಯಾರದೂ ಅಲ್ಲ" ಎಂದು ವಾದಿಸಿದ್ದಳು. ಬಾಗಿಲ ಬಳಿಯ ಗೊಂಬೆಗೆ ಉಡಿಸಿದ್ದ ಸೀರೆಯನ್ನೂ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಪಾಪ, ಆ ಗೊಂಬೆ ಮಧ್ಯಾಹ್ನದವರೆಗೆ ಬೆತ್ತಲೆ ನಿಂತಿತ್ತು. ಗಂಡಸರು ಮೆಟ್ಟಿಲುಗಳ ಮೇಲೆ ಕೂತು ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾವೂ ತೂಕಡಿಸುತ್ತಿದ್ದರು. ಈ ಗಲಾಟೆಯ ನಡುವೆ ನಾವು ಹುಡುಗಿಯರು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರಬೇಕು. ಕೂರುವುದಕ್ಕೆ ನಮಗೆ ಅನುಮತಿಯಿರಲಿಲ್ಲ. ಸ್ಟೂಲುಗಳಿದ್ದದ್ದು ಗಿರಾಕಿಗಳಿಗೆ.

ಹಬ್ಬದ ಹಿಂದಿನ ಭಾನುವಾರ ನಮ್ಮ ಕೌಂಟರಿಗೆ ದಪ್ಪ ಮೈಕಟ್ಟಿನ ಒಬ್ಬ ಹೆಂಗಸು ಬಂದಳು. ಕಡುಗೆಂಪು ಕುಂಕುಮ, ಸೊಂಟಕ್ಕೆ ಬಿಗಿದ ಸೆರಗು. ನಮ್ಮ ಕಡೆಯ ಮೀನುಗಾರರ ಬೀದಿಯವಳೆಂದು ಮಾತಿನಲ್ಲೇ ತಿಳಿಯಿತು. ಮಗಳಿಗೆ ತಲೆದೀಪಾವಳಿ, ಮದುವೆಯಾದ ಮೇಲಿನ ಮೊದಲ ಹಬ್ಬ. ನವಿಲು ಬಣ್ಣಕ್ಕೆ ಅರಿಸಿನ ಅಂಚಿನ ಒಂದು ಸೀರೆಯನ್ನು ಅವಳು ಆರಿಸಿ ತೋಳಿನ ಮೇಲೆ ಹಾಕಿಕೊಂಡಳು. ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ಕೈ ಬಂದು ಸೆರಗನ್ನು ಹಿಡಿಯಿತು. ಆ ಕೈಯ ತುಂಬ ಚಿನ್ನದ ಬಳೆ. ಕನ್ನಡಕ ಹಾಕಿದ್ದ ಆ ಹೆಂಗಸು ಇಂಗ್ಲಿಷಿನಲ್ಲಿ, ಇದನ್ನು ತಾನು ಮೊದಲೇ ನೋಡಿಟ್ಟಿದ್ದೆ ಎಂದರು.

"ನೋಡಿದ್ರೆ ಆಯ್ತಾ? ಎತ್ಕೊಂಡೋಳು ನಾನು," ಎಂದಳು ಮೀನುಗಾರರ ಬೀದಿಯವಳು.

ಇಬ್ಬರೂ ಎಳೆದರು. ಕೌಂಟರಿನ ಉದ್ದಕ್ಕೂ ಸೀರೆ ಹಗ್ಗದಂತೆ ಬಿಗಿಯಿತು. ನಾನು, "ಅಮ್ಮಾ, ಇವರು ಮೊದಲು ತೆಗೆದುಕೊಂಡಿದ್ದು. ನಿಮಗೆ ಇದೇ ಥರದ್ದು ಬೇರೆ ತೋರಿಸ್ತೀನಿ," ಎಂದು ತಮಿಳಿನಲ್ಲಿ ಹೇಳುತ್ತಿದ್ದೆ. ಬಲೆ ಎಳೆದು ಅಭ್ಯಾಸವಿದ್ದ ತೋಳು ಒಮ್ಮೆ ಜಗ್ಗಿತು. ಕನ್ನಡಕದವರ ಹಿಡಿತ ತಪ್ಪಿ ಅವರು ಹಿಂದಿದ್ದ ಸೀರೆ ರಾಶಿಯ ಮೇಲೆ ಬಿದ್ದರು. ಪೆಟ್ಟಾಗಲಿಲ್ಲ. ಆದರೆ ಸುತ್ತ ನಿಂತವರು ನಕ್ಕರು. ಅದೇ ಅವರಿಗೆ ಹೆಚ್ಚು ನೋವಾಗಿರಬೇಕು. ಎದ್ದವರೇ ಕೈಗೆ ಸಿಕ್ಕ ಸೀರೆಗಳನ್ನು ಮುದ್ದೆ ಮಾಡಿ ನನ್ನ ಮುಖಕ್ಕೆ ಎಸೆದರು. ಒಂದರ ಜರಿ ಅಂಚು ಕಣ್ಣಿನ ಕೆಳಗೆ ಗೀರಿತು.

"ಮೀನು ನಾರೋಳಿಗೆ ನನ್ನ ಸೀರೆ ಕೊಡ್ತೀಯಾ?" ಎಂದರು. ನಂತರ ಸೂಪರ್‌ವೈಸರನ್ನು ಕರೆದು, ಈ ಹುಡುಗಿ ತನಗೆ ಅವಮಾನ ಮಾಡಿದಳು, ಎಲ್ಲರೆದುರು ಕ್ಷಮೆ ಕೇಳಬೇಕು ಎಂದು ಹಟ ಹಿಡಿದರು.

ಸೂಪರ್‌ವೈಸರ್ ನಡೆದದ್ದೇನೆಂದು ವಿಚಾರಿಸಲಿಲ್ಲ. "ಕ್ಷಮೆ ಕೇಳಮ್ಮಾ, ಟೈಮಿಲ್ಲ," ಎಂದರು.

"ಯಾತಕ್ಕೆ ಸರ್?"

"ಯಾತಕ್ಕಾದರೇನು? ಗಿರಾಕಿ ಕೇಳ್ತಿದ್ದಾರೆ."

ಕೆನ್ನೆ ಉರಿಯುತ್ತಿತ್ತು. ಮುಟ್ಟಿದರೆ ಬೆರಳಿಗೆ ರಕ್ತ ಅಂಟಿತು. ಆ ಎರಡು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಎಷ್ಟೋ ಸಲ ಹಾಗೆ ಮುಗಿಸಿದ್ದೆವು ನಾವೆಲ್ಲ. ಅಂದು ಮಾತ್ರ ನಾಲಿಗೆ ಏಳಲಿಲ್ಲ.

"ನಾನು ತಪ್ಪು ಮಾಡಿಲ್ಲ ಸರ್. ಕೇಳಲ್ಲ," ಎಂದೆ. ಕೌಂಟರಿನ ಸಂದಿಯಿಂದ ಈಚೆ ಬಂದು, ಗಿರಾಕಿಗಳ ಸ್ಟೂಲೊಂದನ್ನು ಎಳೆದು ಅದರ ಮೇಲೆ ಕೂತೆ.

ಸೂಪರ್‌ವೈಸರಿಗೆ ನನ್ನ ಮಾತಿಗಿಂತ ನಾನು ಕೂತದ್ದೇ ಸಹಿಸಲಾಗಲಿಲ್ಲ. "ಏಳು. ಏಳ್ತೀಯೋ ಇಲ್ವೋ?" ಎಂದು ದನಿ ಏರಿಸಿದರು. ಆಗ ಮೀನುಗಾರರ ಬೀದಿಯವಳು ನನಗೂ ಅವರಿಗೂ ನಡುವೆ ಬಂದು ನಿಂತಳು.

"ಪುಳ್ಳೆಯ ವಿಡು," ಎಂದಳು. ಹುಡುಗಿಯನ್ನು ಬಿಡು ಎಂದು. "ಎಳೆದೋಳು ನಾನು, ಬಿದ್ದೋಳು ಆಯಮ್ಮ. ಇದಕ್ಕೂ ಇವಳಿಗೂ ಏನಯ್ಯಾ? ಇವಳು ಕೈಯಾರೆ ಮಡಿಸಿ ಕೊಟ್ಟರೇನೇ ನಾನು ಬಿಲ್ಲಿಗೆ ಹೋಗೋದು."

ನನ್ನ ಜೊತೆಯ ಹುಡುಗಿ, ತಿಂಡಿ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದವಳು, ಕೈಯಲ್ಲಿದ್ದ ಸೀರೆಯನ್ನು ಕೌಂಟರಿನ ಮೇಲಿಟ್ಟು ಕೈಕಟ್ಟಿದಳು. ಅವಳನ್ನು ನೋಡಿ ಆಚೆ ಕೌಂಟರಿನವರೂ ಹರವುವುದನ್ನು ನಿಲ್ಲಿಸಿದರು. ಹಿಂದಿನ ಜನಕ್ಕೆ ಏನು ನಡೆದಿದೆಯೆಂದು ಸರಿಯಾಗಿ ತಿಳಿಯದೆ ಕೂಗಾಟ ಶುರುವಾಯಿತು. "ಸೀರೆ ತೋರಿಸ್ರೀ", "ಕ್ಷಮೆ ಗಿಮೆ ನಾಳೆ ಕೇಳಿಸ್ಕೊಳ್ಳಮ್ಮಾ, ದಾರಿ ಬಿಡು" ಎಂದು ಕನ್ನಡಕದವರನ್ನೇ ತಳ್ಳತೊಡಗಿದರು. ನ್ಯಾಯ ಯಾರ ಕಡೆಯೆಂದು ಅವರಾರೂ ನೋಡಿದವರಲ್ಲ, ಅವರಿಗೆ ಸೀರೆ ಬೇಕಿತ್ತು. ಆದರೂ ದಿನವಿಡೀ ನಮ್ಮನ್ನು ಹಣ್ಣು ಮಾಡುತ್ತಿದ್ದ ಆ ನೂಕುನುಗ್ಗಲು ಅಂದು ನನ್ನ ಬೆನ್ನಿಗೆ ನಿಂತಿತು.

ಗದ್ದಲ ಕೇಳಿ ಮಾಲೀಕರೇ ಮೇಲಿನಿಂದ ಇಳಿದು ಬಂದರು. ಕನ್ನಡಕದವರಿಗೆ ಕೈಮುಗಿದು, ರೇಷ್ಮೆ ಸೀರೆಗಳ ಮಹಡಿಗೆ ಕರೆದೊಯ್ಯಲು, ತಂಪು ಪಾನೀಯ ಕೊಡಲು ಹೇಳಿದರು. ನನ್ನ ಕಡೆ ತಿರುಗಿ, "ಏಳಮ್ಮಾ, ವ್ಯಾಪಾರ ನೋಡು," ಎಂದರು.

"ಏಳ್ತೀನಿ ಸರ್. ಕ್ಷಮೆ ಕೇಳಲ್ಲ."

"ಈಗ ಯಾರು ಕೇಳಿದ್ರು ನಿನ್ನ?" ಎಂದು ಮುಖ ಗಂಟಿಕ್ಕಿಕೊಂಡು ಹೋದರು.

ನಾನು ಎದ್ದು ನವಿಲು ಬಣ್ಣದ ಸೀರೆಯನ್ನು ಮಡಿಸಿ ಕೊಟ್ಟೆ. ಅವಳು ನನ್ನ ಕೆನ್ನೆ ನೋಡಿ, "ಮನೆಗೆ ಹೋಗಿ ಅರಿಸಿನ ಹಚ್ಕೋ," ಎಂದು ಹೇಳಿ ಗುಂಪಿನಲ್ಲಿ ಮೊಣಕೈಯಿಂದ ದಾರಿ ಮಾಡಿಕೊಂಡು ಹೋದಳು.

ಹಬ್ಬ ಮುಗಿದ ಮರುದಿನವೇ ಸೂಪರ್‌ವೈಸರ್ ನನ್ನನ್ನು ಕರೆದು, ಸೀಸನ್ ಮುಗಿಯಿತು, ಇನ್ನು ಬರುವುದು ಬೇಡ ಎಂದರು. ಸೀಸನ್ನಿಗಾಗಿ ಸೇರಿದವಳಲ್ಲ ನಾನು. "ಕ್ಷಮೆ ಕೇಳಲಿಲ್ಲ ಅಂತ ತೆಗೀತಿದ್ದೀರಿ. ಅದನ್ನ ಇವರೆಲ್ಲರ ಎದುರಿಗೇ ಹೇಳಿ ಸರ್," ಎಂದೆ. ಹುಡುಗಿಯರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಸೂಪರ್‌ವೈಸರ್ ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಇದ್ದರು. ಕೆಲಸದವರಿಗೆಂದು ಇದ್ದ ಹಿಂದಿನ ಕಿರಿದಾದ ಮೆಟ್ಟಿಲು ಬಿಟ್ಟು, ಅಂದು ಮುಂದಿನ ಗಾಜಿನ ಬಾಗಿಲಿನಿಂದ ಹೊರಬಂದೆ. ಬಾಗಿಲು ಕಾಯುವವ ನನ್ನನ್ನು ಗಿರಾಕಿ ಎಂದುಕೊಂಡು ಸಲಾಮು ಹೊಡೆದ. ನಾನೂ ಸ್ವೀಕರಿಸಿದೆ.

ಮನೆಯಲ್ಲಿ ಅಮ್ಮ ಪೂರ್ತಿ ಕೇಳಿ, "ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದರು.

"ಹೋಗ್ತಿತ್ತಮ್ಮಾ," ಎಂದೆ.

ಅಪ್ಪ ಪೇಪರಿನ ಹಿಂದಿನಿಂದ, "ಬಿಡೇ, ಅವಳಿಗೆ ಕಾಫಿ ಕೊಡು," ಎಂದರು. ಅಷ್ಟೇ. ನನಗೆ ಅದು ಸಾಕಾಯಿತು.

ಬೇರೆ ಕೆಲಸಕ್ಕಾಗಿ ಪ್ಯಾರೀಸ್ ಕಾರ್ನರ್ ಸುತ್ತ ಅಂಗಡಿ ಅಂಗಡಿ ಅಲೆದೆ. ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂದು ಎಲ್ಲರೂ ಕೇಳುತ್ತಿದ್ದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಡೆದದ್ದನ್ನು ಹೇಳಿದೊಡನೆ ಹಲವರು, "ಆಮೇಲೆ ಹೇಳಿ ಕಳಿಸ್ತೀವಿ," ಎಂದರು. ಯಾರೂ ಹೇಳಿ ಕಳಿಸಲಿಲ್ಲ. ಕಡೆಗೆ ಸೌಕಾರ್‌ಪೇಟೆಯಲ್ಲಿ ಲೇಸು, ಗುಂಡಿ ಮಾರುವ ಒಂದು ಸಗಟು ಅಂಗಡಿ ಸಿಕ್ಕಿತು. ನಡೆಸುತ್ತಿದ್ದದ್ದು ಒಬ್ಬ ವಯಸ್ಸಾದ ಮಾರ್ವಾಡಿ ಹೆಂಗಸು. ನನ್ನ ಕತೆ ಕೇಳುತ್ತ ಲೇಸು ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಾನು ಸುಮ್ಮಸುಮ್ಮನೆ ಬೈದರೆ ಏನು ಮಾಡ್ತೀ?" ಎಂದು ತಮ್ಮ ಹರುಕು ತಮಿಳಿನಲ್ಲಿ ಕೇಳಿದರು.

"ಯಾಕೆ ಅಂತ ಕೇಳ್ತೀನಿ."

"ನಾಳೆಯಿಂದ ಬಾ. ನನಗೆ ಬಾಯಿ ಜಾಸ್ತಿ, ಮೊದಲೇ ಹೇಳಿದ್ದೀನಿ."

ಅವರು ಹೇಳಿದ್ದು ನಿಜವೇ ಆಗಿತ್ತು. ಬೈದರು, ನಾನು ಯಾಕೆಂದು ಕೇಳಿದೆ, ಒಮ್ಮೊಮ್ಮೆ ಇಬ್ಬರೂ ಮಾತು ಬಿಟ್ಟೆವು. ನನ್ನ ಮದುವೆಯಾಗುವವರೆಗೂ ಅಲ್ಲೇ ದುಡಿದೆ.