ನಾಲ್ಕನೇ ಕುರ್ಚಿಯ ಎದುರಿನ ಮೀನುತೊಟ್ಟಿ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯ ಕಟ್ಟಡದ ನೆಲಮಹಡಿ. ಡಯಾಲಿಸಿಸ್ ಕೋಣೆಯ ದೀಪಗಳು ಇನ್ನೂ ಅರ್ಧದಷ್ಟೇ ಹತ್ತಿವೆ. ಕೋಣೆಯ ಹೊರಗೆ, ಗಾಜಿನ ಗೋಡೆಗೆ ಒತ್ತಿಕೊಂಡಂತೆ ಇಟ್ಟಿರುವ ನಾಲ್ಕಡಿ ಉದ್ದದ ಮೀನುತೊಟ್ಟಿಯ ಮುಂದೆ ಒಬ್ಬರು ಬಗ್ಗಿ ನಿಂತಿದ್ದಾರೆ. ಶರ್ಟಿನ ತೋಳು ಮೊಣಕೈವರೆಗೆ ಮಡಚಿದೆ. ಮೊದಲು ತೋರುಬೆರಳನ್ನು ನೀರಿಗೆ ಅದ್ದಿ, ಹಾಲು ಬೆಚ್ಚಗಿದೆಯೇ ಎಂದು ನೋಡುವವರಂತೆ ಒಂದು ಕ್ಷಣ ಸುಮ್ಮನಿರುತ್ತಾರೆ. ಆಮೇಲೆ ಜೇಬಿನಿಂದ ಗಾಜಿನ ಥರ್ಮಾಮೀಟರ್ ತೆಗೆದು ಅದನ್ನೂ ಅದ್ದುತ್ತಾರೆ. ಕೊನೆಗಷ್ಟೇ ಪಕ್ಕದ ಗೋಡೆಗೆ ಬಿಗಿದಿರುವ ಪ್ಲಾಸ್ಟಿಕ್ ಊಟದ ಡಬ್ಬಿಯ ಕಡೆ ಕಣ್ಣು ಹಾಯಿಸುತ್ತಾರೆ. ಡಬ್ಬಿಯ ಮುಚ್ಚಳದಲ್ಲಿ ಕೊರೆದ ಕಿಂಡಿಯೊಳಗೆ ಹಸಿರು ಅಂಕಿಗಳು ಹೊಳೆಯುತ್ತಿವೆ: 26.1.

"ಮೂರೂ ಒಂದೇ ಮಾತು ಹೇಳ್ತಿವೆ, ಸದ್ಯ," ಎಂದು ಕೈ ಒರೆಸಿಕೊಳ್ಳುತ್ತಾರೆ. "ಆ ಡಬ್ಬಿ ಮಾಡಿದೋನು ನಾನೇ ಮೇಡಂ. ಅದಕ್ಕೇ ಅದನ್ನ ಕೊನೇಲಿ ಕೇಳೋದು. ಮಾಡಿದೋನ ಯೋಗ್ಯತೆ ನನಗೆ ಚೆನ್ನಾಗಿ ಗೊತ್ತಲ್ಲ."

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಂಟ್ ಮಾವ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತೇಳು. ಹತ್ತೊಂಬತ್ತು ವರ್ಷದಿಂದ ಇಲ್ಲಿ ಗುತ್ತಿಗೆಯ ಎಲೆಕ್ಟ್ರಿಷಿಯನ್. ಲಿಫ್ಟು ನಿಂತರೆ ಇವರು, ಜನರೇಟರ್ ಕೆಮ್ಮಿದರೆ ಇವರು, ಆಪರೇಷನ್ ಕೋಣೆಯ ದೀಪ ಮಿಣುಕಿದರೂ ಇವರೇ. "ಮೀನುತೊಟ್ಟಿಗೆ ಕೈಯಿಂದಲೇ ಯಂತ್ರ ಮಾಡಿದವರೊಬ್ಬರಿದ್ದಾರಂತೆ, ಹೋಗಿ ಬಾ" ಎಂದು ಸಂಪಾದಕರು ಅಟ್ಟಿದಾಗ, ಬಣ್ಣದ ಮೀನು, ನಾಲ್ಕು ಫೋಟೊ, ಒಂದು ನಗುಮುಖ, ಮಧ್ಯಾಹ್ನದೊಳಗೆ ಮನೆ ಎಂದು ಲೆಕ್ಕ ಹಾಕಿಕೊಂಡು ಬಂದವಳು ನಾನು. ನನ್ನ ಲೆಕ್ಕ ತಲೆಕೆಳಗಾಗಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಗಾಜಿನ ಆ ಬದಿಯಲ್ಲಿ ಹನ್ನೆರಡು ಕುರ್ಚಿಗಳಿವೆ. ದಿನಕ್ಕೆ ಮೂರು ಸರದಿ. ಒಬ್ಬೊಬ್ಬರೂ ತೋಳಿಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಕೂರಬೇಕು. ನಾಲ್ಕನೇ ಕುರ್ಚಿ ತೊಟ್ಟಿಗೆ ನೇರ ಎದುರಿಗಿದೆ. ಮಂಗಳವಾರ, ಗುರುವಾರ, ಶನಿವಾರ, ಮೊದಲ ಸರದಿಯಲ್ಲಿ ಅಲ್ಲಿ ಕೂರುವವರು ಕರೆಂಟ್ ಮಾವನ ಹೆಂಡತಿ.

ಮೂರು ವರ್ಷದ ಹಿಂದೆ ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ಹೃದಯವೂ ಅಷ್ಟಕ್ಕಷ್ಟೇ ಆದ್ದರಿಂದ ಬೇರೆ ಮೂತ್ರಪಿಂಡ ಕಸಿ ಮಾಡುವ ಮಾತೇ ಇಲ್ಲ ಎಂದು ವೈದ್ಯರು ಮೊದಲೇ ಹೇಳಿಬಿಟ್ಟಿದ್ದಾರೆ. ಇರುವಷ್ಟು ದಿನ ಈ ಕುರ್ಚಿ, ಕುರ್ಚಿ ಬಿಟ್ಟರೆ ವಾರ ಹತ್ತು ದಿನ, ಅಷ್ಟೇ.

"ಸೂಜಿ ನೋವು ತಡ್ಕೋಬಹುದು ಕಣಮ್ಮ," ಎನ್ನುತ್ತಾರೆ ಆಕೆ. ದನಿ ಸಣ್ಣದು, ಮಾತು ಮಾತ್ರ ಚುರುಕು. "ಆಗ ಎದುರಿಗೆ ಬರೀ ಗಾಜಿನ ಗೋಡೆ, ಪಕ್ಕದಲ್ಲಿ ಮಿಷನ್ನು. ಪೈಪಲ್ಲಿ ನನ್ನ ರಕ್ತ ಹೋಗ್ತಾ ಬರ್ತಾ ಇರತ್ತೆ. ನನ್ನ ರಕ್ತದ ಮೆರವಣಿಗೆ ನಾನೇ ನೋಡ್ತಾ ನಾಲ್ಕು ಗಂಟೆ ಕೂರಬೇಕಾ? ಇವರಿಗೆ ಹೇಳ್ದೆ, ಇನ್ನು ನನ್ನ ಕೈಲಾಗಲ್ಲ, ಬರಲ್ಲ ಅಂತ."

ಬರುವುದಿಲ್ಲ ಎಂದರೆ ಏನರ್ಥ ಎಂದು ಇಬ್ಬರಿಗೂ ಗೊತ್ತು. ಗಂಡ ಬಾಯಲ್ಲಿ ಸಮಾಧಾನ ಹೇಳುವ ಜಾಯಮಾನದವರಲ್ಲ. ಆಸ್ಪತ್ರೆಯ ಉಗ್ರಾಣದಲ್ಲಿ ಯಾರೋ ಕೊಟ್ಟುಹೋಗಿದ್ದ ಖಾಲಿ ಮೀನುತೊಟ್ಟಿಯೊಂದು ಧೂಳು ತಿನ್ನುತ್ತಾ ಬಿದ್ದಿತ್ತು. ಅದನ್ನು ತೊಳೆದು, ನಂಜಾದೀತೆಂದು ವೈದ್ಯರು ತಕರಾರು ತೆಗೆದ ಮೇಲೆ ಕೋಣೆಯ ಹೊರಗೆ ಗಾಜಿನಾಚೆ ಇಟ್ಟರು. ಆದರೆ ಯಂತ್ರಗಳಿಗಾಗಿ ಸದಾ ತಣ್ಣಗಿಡುವ ಹವೆ ಆ ಪಡಸಾಲೆಗೂ ಹರಿಯುತ್ತದೆ. ಮೀನಿಗೆ ಬೆಚ್ಚಗಿನ ನೀರು ಬೇಕು. ನೀರು ಕಾಯಿಸುವ ಹೀಟರಿನ ಸ್ವಿಚ್ಚನ್ನು ಹಾಕಿ ಆರಿಸಲು ಇಡೀ ದಿನ ಯಾರು ಕಾಯುತ್ತಾರೆ? ಅಂಗಡಿಯಲ್ಲಿ ಸಿಗುವ ಸಿದ್ಧ ಯಂತ್ರದ ಬೆಲೆ ಕೇಳಿ ಮಾವ ಹಿಂದಿರುಗಿ ಬಂದಿದ್ದಾರೆ. ಬಿಡಿಭಾಗಗಳ ಅಂಗಡಿಗೆ ಹೋಗಿ, ಕಾಲೇಜು ಮಕ್ಕಳು ಆಟಕ್ಕೆ ಕೊಳ್ಳುವ ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡೊಂದನ್ನು ಕೇಳಿದ್ದಾರೆ.

"ಅಂಗಡಿಯವನು, ಏನ್ ಸಾರ್, ಮಗಳ ಪ್ರಾಜೆಕ್ಟಾ ಅಂದ. ಅಲ್ಲಪ್ಪ, ಹೆಂಡ್ತಿ ಪ್ರಾಜೆಕ್ಟು ಅಂದೆ," ಎಂದು ಮಾವ ನಗುತ್ತಾರೆ. ಇಡೀ ದಿನದಲ್ಲಿ ನಾನು ಕಂಡ ಅವರ ನಗು ಅದೊಂದೇ.

ಮೊಬೈಲಿನ ವಿಡಿಯೊ ನೋಡುತ್ತಾ, ನಿಲ್ಲಿಸುತ್ತಾ, ಹಿಂದಕ್ಕೆ ಓಡಿಸುತ್ತಾ ಎರಡು ತಿಂಗಳು ಕಲಿತಿದ್ದಾರೆ. ಮೊದಲ ಬೋರ್ಡು ಪ್ಲಸ್ಸು ಮೈನಸ್ಸು ಅದಲುಬದಲಾಗಿ ಹೊಗೆ ಬಿಟ್ಟಿದೆ. ಎರಡನೆಯದು ನೀರು ಕುಡಿದಿದೆ. "ನಲವತ್ತು ವರ್ಷ ಕರೆಂಟಿನ ಜೊತೆ ಬದುಕಿದೋನಿಗೆ ಐದು ವೋಲ್ಟು ಮರ್ಯಾದೆ ಕಳೀತು," ಎನ್ನುತ್ತಾರೆ. ಊಟದ ಡಬ್ಬಿಯೊಳಗೆ ಕೂರಿಸಿದ ಮೂರನೆಯದು ಕೆಲಸ ಮಾಡಿತು. ಅದರ ಕೆಲಸ ಹೇಳಿದರೆ ಸುಲಭ. ಪೆನ್ಸಿಲ್ ತುಂಡಿನಷ್ಟು ದೊಡ್ಡ ಉಕ್ಕಿನ ಕಡ್ಡಿಯೊಂದು ವೈರಿನ ತುದಿಯಲ್ಲಿ ನೀರೊಳಗೆ ಮುಳುಗಿರುತ್ತದೆ. ಅದು ಹತ್ತು ಸೆಕೆಂಡಿಗೊಮ್ಮೆ ಬಿಸಿ ಅಳೆದು ಬೋರ್ಡಿಗೆ ತಿಳಿಸುತ್ತದೆ. ಇಪ್ಪತ್ತೈದೂವರೆಗಿಂತ ಕೆಳಗಿಳಿದರೆ ಹೀಟರ್ ಹತ್ತುತ್ತದೆ, ಇಪ್ಪತ್ತಾರೂವರೆ ದಾಟಿದರೆ ಆರುತ್ತದೆ. ದೀಪವೂ ಗಾಳಿಯ ಪಂಪೂ ಅದರ ಮಾತನ್ನೇ ಕೇಳುತ್ತವೆ.

ತೊಟ್ಟಿಗೆ ಹನ್ನೊಂದು ಮೀನು ಬಂದವು. ಆಕೆ ಮತ್ತೆ ಕುರ್ಚಿಗೆ ಬಂದರು. ಒಂದೊಂದು ಮೀನಿಗೂ ಹೆಸರಿಟ್ಟರು. ಉಬ್ಬಿದ ಕೆನ್ನೆಯ ಕಿತ್ತಳೆ ಮೀನಿಗೆ ತಮ್ಮ ನಾದಿನಿಯ ಹೆಸರನ್ನೇ ಇಟ್ಟು ಕೋಣೆಯವರನ್ನೆಲ್ಲ ನಗಿಸಿದರಂತೆ. "ಅಕ್ಕನ ಪಕ್ಕದ ಕುರ್ಚಿಗೆ ಜಗಳ ಶುರುವಾಯ್ತು," ಎಂದು ಇಲ್ಲಿನ ಹಿರಿಯ ಸಿಸ್ಟರ್ ನೆನೆಯುತ್ತಾರೆ. "ಸೂಜಿ ಹಾಕುವಾಗ ಮುಖ ಆ ಕಡೆ ತಿರುಗಿಸ್ಕೊಂಡು ಮೀನು ನೋಡೋರು. ನಮಗೂ ಕೆಲಸ ಹಗುರ ಆಯ್ತು."

ಹೀಗೆ ಎಂಟು ತಿಂಗಳು. ಆಮೇಲೆ ಒಂದು ಸೋಮವಾರ ಬಂತು.

ಅದನ್ನು ಹೇಳುವಾಗ ಮಾವ ನನ್ನ ಮುಖ ನೋಡುವುದಿಲ್ಲ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ಬದಲಿಸುವಾಗ ಉಕ್ಕಿನ ಕಡ್ಡಿ ಅಡ್ಡ ಬರುತ್ತದೆಂದು ಮೇಲೆತ್ತಿ ತೊಟ್ಟಿಯ ಅಂಚಿನಿಂದ ಹೊರಗೆ ಇಳಿಬಿಟ್ಟಿದ್ದಾರೆ. ಅಷ್ಟರಲ್ಲಿ ಫೋನು: ಲಿಫ್ಟು ನಿಂತಿದೆ, ಒಳಗೆ ರೋಗಿ ಇದ್ದಾರೆ. ಇದ್ದಂತೆಯೇ ಓಡಿದ್ದಾರೆ. ಅರ್ಧ ಗಂಟೆಯ ಮೇಲೆ ಬಂದು, ನೀರು ತುಂಬಿಸಿ, ಹೀಟರಿನ ಸ್ವಿಚ್ಚು ಹಾಕಿ, ಮನೆಗೆ ಹೋಗಿದ್ದಾರೆ. ಕಡ್ಡಿ ಹೊರಗೇ ನೇತಾಡುತ್ತಿದೆ. ಅದು ಅಳೆಯುತ್ತಿರುವುದು ನೀರನ್ನಲ್ಲ, ತಣ್ಣನೆಯ ಗಾಳಿಯನ್ನು. ಇನ್ನೂ ತಣ್ಣಗಿದೆ, ಇನ್ನೂ ತಣ್ಣಗಿದೆ ಎಂದು ಬೆಳಗಿನವರೆಗೂ ಹೇಳುತ್ತಲೇ ಇದೆ. ಡಬ್ಬಿ ಅದರ ಮಾತು ನಂಬಿ ಹೀಟರ್ ಉರಿಸುತ್ತಲೇ ಇದೆ.

"ಡಬ್ಬಿದು ತಪ್ಪಿಲ್ಲ. ಅದಕ್ಕೆ ಹೇಳಿದ್ದು ಅದು ಮಾಡಿದೆ," ಎನ್ನುತ್ತಾರೆ ಮಾವ. "ಮಾರನೇ ದಿನ ಇವಳ ಸರದಿ. ಇಬ್ಬರೂ ಒಟ್ಟಿಗೇ ಬಂದ್ವಿ. ಇವಳೇ ಮುಂದೆ. ಇವಳೇ ಮೊದಲು ನೋಡಿದ್ದು. ನೀರು ಸ್ನಾನದ ನೀರಾಗಿತ್ತು. ಹನ್ನೊಂದೂ ಮೇಲೆ ತೇಲ್ತಿದ್ವು. ನಾನೇ ಬೇಯಿಸಿಬಿಟ್ಟೆ ಮೇಡಂ."

ಆಕೆ ಬಂದ ದಾರಿಯಲ್ಲೇ ತಿರುಗಿದ್ದಾರೆ. ಆ ಮಂಗಳವಾರ ಕುರ್ಚಿ ಖಾಲಿ, ಗುರುವಾರವೂ ಖಾಲಿ. ಗಂಡ ಕಾಲಿಗೆ ಬೀಳುವುದೊಂದು ಬಾಕಿ. ಕೊನೆಗೆ ಅದನ್ನೂ ಮಾಡಿದ್ದಾರೆ. ಶನಿವಾರ ಬೆಳಿಗ್ಗೆ ಶ್ವಾಸಕೋಶಕ್ಕೆ ನೀರು ತುಂಬಿ, ಉಸಿರು ಸಿಗದೆ ತುಟಿ ನೀಲಿಯಾದ ಹೆಂಗಸನ್ನು ಸ್ಟ್ರೆಚರಿನಲ್ಲಿ ಹಾಕಿಕೊಂಡು ಅದೇ ತೊಟ್ಟಿಯ ಮುಂದೆ ಓಡಿಸಿಕೊಂಡು ಹೋಗಿದ್ದಾರೆ. ಐದು ದಿನ ತೀವ್ರ ನಿಗಾ. ಬದುಕಿದರು. ಆದರೆ ಹೃದಯ ಮತ್ತಷ್ಟು ಸೋತಿತು. ನಾನು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದೆ.

ಈಗಿನ ಡಬ್ಬಿ ಅದಾದ ಮೇಲೆ ಮಾಡಿದ್ದು. ಇದಕ್ಕೆ ಎರಡು ಕಡ್ಡಿಗಳು, ತೊಟ್ಟಿಯ ಎರಡು ತುದಿಗೆ, ಬುಡದಲ್ಲಿ ಕಲ್ಲಿಗೆ ಬಿಗಿದು. ಎರಡರ ಮಾತಿನ ನಡುವೆ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹೀಟರ್ ಆರಿ ಗಂಟೆ ಬಾರಿಸುತ್ತದೆ. ಎಂಥದೇ ಚಳಿಯಿದ್ದರೂ ಗಂಟೆಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೀಟರ್ ಉರಿಯುವಂತಿಲ್ಲ. ಕರೆಂಟು ಹೋಗಿ ಜನರೇಟರ್ ಬರುವ ನಡುವಿನ ಹನ್ನೆರಡು ಸೆಕೆಂಡಿನಲ್ಲಿ ಬೋರ್ಡು ತಬ್ಬಿಬ್ಬಾಗದಂತೆ ಹಳೆಯ ಮೊಬೈಲಿನ ಬ್ಯಾಟರಿ ಕಟ್ಟಿದ್ದಾರೆ. ಆಮೇಲೆ ತಂದ ಹೊಸ ಮೀನುಗಳಲ್ಲಿ ಒಂದೂವರೆ ವರ್ಷದಲ್ಲಿ ಮುಪ್ಪಿನಿಂದ ಎರಡು ಸತ್ತಿವೆ, ಬಿಸಿಗೆ ಒಂದೂ ಇಲ್ಲ.

ಗಾಜಿನ ಒಳಗಿನ ಲೆಕ್ಕ ಬೇರೆ. ಮೊದಲ ಸರದಿಯ ಹನ್ನೆರಡು ಜನರಲ್ಲಿ ಈ ಒಂದೂವರೆ ವರ್ಷದಲ್ಲಿ ಐದು ಮುಖಗಳು ಬದಲಾಗಿವೆ. ಯಾರೂ ವಾಸಿಯಾಗಿ ಹೋದವರಲ್ಲ. ಮೀನಿಗೆ ಹೆಸರಿಡುವ ಕೆಲಸವನ್ನೂ ಆಕೆ ಬಿಟ್ಟಿದ್ದಾರೆ. "ಹೆಸರಿಟ್ಟು ಕೂಗೋದು ಯಾಕೆ, ಎಲ್ಲಾ ಬಂದು ಹೋಗೋರೇ," ಎನ್ನುತ್ತಾರೆ.

ಗಂಡ ಹೆಂಡಿರ ನಡುವೆ ನಾಲ್ಕು ತಿಂಗಳಿಂದ ಒಂದು ಜಗಳ ನಡೆಯುತ್ತಿದೆ. ಈ ಡಬ್ಬಿಯ ಗುಟ್ಟೆಲ್ಲ ಮಾವನ ತಲೆಯಲ್ಲೇ ಇದೆ. ಯಾವ ವೈರು ಎಲ್ಲಿಗೆ, ಗಂಟೆ ಬಾರಿಸಿದರೆ ಮೊದಲು ಏನು ಕಿತ್ತುಹಾಕಬೇಕು, ಸಿಸ್ಟರಿಗೂ ಗೊತ್ತಿಲ್ಲ, ಬೇರೆ ಎಲೆಕ್ಟ್ರಿಷಿಯನ್ನಿಗೂ ಗೊತ್ತಿಲ್ಲ. ಎಲ್ಲವನ್ನೂ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ ಎಂದು ಹೆಂಡತಿ ಹೇಳುತ್ತಲೇ ಇದ್ದಾರೆ. ಮಾವ ನಾಳೆ, ನಾಡಿದ್ದು ಎಂದು ಜಾರಿಕೊಳ್ಳುತ್ತಲೇ ಇದ್ದಾರೆ. ಯಾಕೆಂದು ನಾನು ಕೇಳಿದೆ. ಕೇಳಬಾರದಿತ್ತೇನೋ.

"ಬರೆದಿಟ್ಟರೆ ಇವಳಿಗೆ ನಿರಾಳ ಆಗಿಬಿಡತ್ತೆ," ಎಂದರು. "ನಿರಾಳ ಆದ್ರೆ ಹೊರಟುಬಿಡ್ತಾಳೆ. ಇನ್ನೂ ಒಂದು ಕೆಲಸ ಬಾಕಿ ಇದೆ ಅಂತಿದ್ರೆ, ಅದಕ್ಕಾದ್ರೂ ಬರ್ತಾಳೆ."

ಇವತ್ತು ಗುರುವಾರ. ಆರು ಗಂಟೆಗೆ ಆಕೆ ಕುರ್ಚಿಯಲ್ಲಿ ಕೂತಾಗಲೇ ಮುಖ ಬಾಡಿತ್ತು. ಎರಡನೇ ಗಂಟೆಗೆ ರಕ್ತದೊತ್ತಡ ಇಳಿದು ವಾಂತಿಯಾಯಿತು. ಸಿಸ್ಟರ್ ಕಾಲು ಮೇಲೆತ್ತಿ ಮಲಗಿಸಿದರು. ಸುಧಾರಿಸಿಕೊಂಡ ಮೇಲೆ ಆಕೆ ಗಂಡನನ್ನು ಒಳಗೆ ಕರೆಸಿದರು. ನಾನೂ ಹಿಂದೆಯೇ ಹೋದೆ.

"ರೀ, ಇನ್ನು ಸಾಕು ಅನಿಸ್ತಿದೆ. ಶನಿವಾರ ನಾನು ಬರಲ್ಲ," ಎಂದರು.

ಮಾವ ಕುರ್ಚಿಯ ಕಂಬಿ ಹಿಡಿದು ನಿಂತರು. "ಹಾಗೆಲ್ಲ ಅನ್ಬೇಡ ಕಣೇ."

"ಅಂದಿದ್ದಾಯ್ತು. ನಾನು ಬರಬೇಕು ಅಂದ್ರೆ ಇವತ್ತು ಆ ಕಾಗದ ಬರೀರಿ. ಈ ಹುಡುಗಿ ಬರೆಯೋ ಕೆಲಸದವಳೇ ಅಲ್ವಾ, ಹೇಳಿ, ಬರ್ಕೋತಾಳೆ. ನೀವು ಅಡ್ಡಡ್ಡ ಬರೆಯೋದು ಯಾರಿಗೂ ಓದೋಕಾಗಲ್ಲ."

ಮಾವ ನನ್ನ ಕಡೆ ತಿರುಗದೆಯೇ ಹೇಳತೊಡಗಿದರು. ನಾನು ಬರೆದುಕೊಂಡೆ. ಕೆಂಪು ವೈರು ಹೀಟರಿನದು. ಗಂಟೆ ಬಾರಿಸಿದರೆ ಮೊದಲು ಕೆಂಪು ಪ್ಲಗ್ಗು ಕೀಳುವುದು, ಆಮೇಲೆ ಯೋಚಿಸುವುದು. ನೀರು ಬದಲಿಸುವಾಗ ಫೋನು ಬಂದರೆ ಎತ್ತಕೂಡದು. ಎತ್ತಲೇಬೇಕಾದರೆ ಪ್ಲಗ್ಗು ಕಿತ್ತು ಜೇಬಿನಲ್ಲಿಟ್ಟುಕೊಂಡು ಹೋಗುವುದು. ಊಟ ಬೆಳಿಗ್ಗೆ ಒಂದು ಚಿಟಿಕೆ ಮಾತ್ರ; ಕನಿಕರ ಪಟ್ಟು ಇನ್ನೊಂದು ಚಿಟಿಕೆ ಹಾಕಬಾರದು. ಹೀಗೆ ಹದಿನೇಳು ಸಾಲು.

"ಯಾವುದಕ್ಕೂ ಬಗ್ಗದಿದ್ರೆ ಯಾರನ್ನ ಕರೀಬೇಕು ಅಂತ ಬರೀಬೇಕಲ್ಲ," ಎಂದೆ.

ಮಾವ ತಮ್ಮ ನಂಬರು ಹೇಳಿದರು. ಬರೆದೆ.

"ನಂಬರು ಇದ್ರೆ ಸಾಕಾ," ಎಂದರು ಆಕೆ ಕುರ್ಚಿಯಿಂದ. "ನಾನು ಬರೋದು ನಿಂತ ಮೇಲೂ ನೀವು ಬರ್ತೀರಾ? ಈ ಕಡೆ ತಲೆ ಹಾಕಲ್ಲ ಅಂತ ಕೂತುಬಿಟ್ರೆ? ಪಾಪ, ಈ ಕುರ್ಚಿಗೆ ಬರೋರು ಏನ್ ನೋಡ್ಕೊಂಡು ಕೂರಬೇಕು?"

ಸಿಸ್ಟರ್ ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದಾರೆ. ಮಾವ ಗಾಜಿನಾಚೆಯ ತೊಟ್ಟಿಯ ಕಡೆ ನೋಡಿದರು.

"ಬರ್ಕೊಳಿ ಮೇಡಂ. ಯಾವಾಗ ಕರೆದ್ರೂ ಬರ್ತಾರೆ ಅಂತ ಬರ್ಕೊಳಿ. ಅವಳು ಇದ್ರೂ, ಇಲ್ಲದಿದ್ರೂ."

ಹದಿನೆಂಟನೇ ಸಾಲಿನಲ್ಲಿ, ನಂಬರಿನ ಪಕ್ಕಕ್ಕೆ ಅದನ್ನೂ ಬರೆದು, ಕಾಗದ ಹರಿದು ಆಕೆಯ ಕೈಗೆ ಕೊಟ್ಟೆ. ಸೂಜಿಯಿಲ್ಲದ ಕೈಯಲ್ಲಿ ಹಿಡಿದು ಮೊದಲಿಂದ ಕೊನೆಯವರೆಗೆ ಓದಿದರು, ಸಿಸ್ಟರಿಗೆ ದಾಟಿಸಿದರು, ಗಂಡನ ಕಡೆ ತಿರುಗಿದರು.

"ಸರಿ," ಎಂದರು. "ಶನಿವಾರ ಬರ್ತೀನಿ."