ಕರ್ತನ ಮೇಜಿಗೆ ಮುಂಚಿನ ಶನಿವಾರ

ಮುರ್ಡೇಶ್ವರದ ಕಡಲ ದಂಡೆಯಲ್ಲಿ ಐಸ್‌ಕ್ರೀಮ್ ಮಾರುವವನೊಬ್ಬ ಕೋನನ್ನು ಗಿರಾಕಿಯ ಎದುರಿಗೇ ಬಿಸಿಬಿಸಿಯಾಗಿ ಸುಟ್ಟು ಕೊಡುತ್ತಾನೆ. ಕಳೆದ ರಜೆಯಲ್ಲಿ ಮಗಳ ಕಾಟ ತಡೆಯಲಾರದೆ ಅವನ ಗಾಡಿಯ ಮುಂದೆ ನಿಂತಿದ್ದೆ. ಎರಡು ಕಬ್ಬಿಣದ ತಟ್ಟೆಗಳ ನಡುವೆ ಹಿಟ್ಟು ಸುರಿದು ಅದುಮಿದ. ಅಂಚಿನಿಂದ ಹೊರಗೆ ಉಕ್ಕಿದ ಹಿಟ್ಟು ಚುರ್ ಎಂದು ಕರಕಲಾಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಣ್ಣು ತುಂಬಿಬಂತು. ಮಗಳು ಮೊದಲ ತುತ್ತು ತಿಂದು, "ಹೊಗೆ ಕಣ್ಣಿಗೆ ಹೋಯ್ತಾ ಅಮ್ಮ?" ಎಂದಳು. ಹೌದು ಎಂದೆ. ಹೊನ್ನಾವರದ ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ತಿಂಗಳಿಗೊಮ್ಮೆ, ಶನಿವಾರ ಮಧ್ಯಾಹ್ನ, ಇದೇ ವಾಸನೆ ಎದ್ದು ಹಿತ್ತಿಲ ತನಕ ಹರಡುತ್ತಿತ್ತು ಎಂದು ಅವಳಿಗೆ ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು.

ನಮ್ಮದು ಕ್ರೈಸ್ತರ ಲೂಥರನ್ ಸಭೆ. ಸಭೆ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಕುಮಟೆಯಲ್ಲಿ ಕೆಲವು ಮನೆ, ಹೊನ್ನಾವರದಲ್ಲಿ ಕೆಲವು, ಭಟ್ಕಳದಲ್ಲಿ ಒಂದೇ ಒಂದು. ನಾವು ದೇವಾಲಯ ಎನ್ನುತ್ತಿದ್ದ ಹಳೆಯ ಚರ್ಚಿನ ಮಾಡು ಒಂದು ಮಳೆಗಾಲದಲ್ಲಿ ಕುಸಿದ ಮೇಲೆ ಆರಾಧನೆ ನಮ್ಮ ಮನೆಯ ಜಗುಲಿಗೆ ಬಂತು. ಜಗುಲಿ ವಿಶಾಲವಾಗಿತ್ತು. ಹೆದ್ದಾರಿಯ ಬದಿಯ ಮನೆಯಾದ್ದರಿಂದ ಪ್ರಾರ್ಥನೆಯ ನಡುವೆ ಲಾರಿಗಳ ಸದ್ದು, ಅವು ಹೋದ ಮೇಲೆ ಶರಾವತಿಯ ಕಡೆಯಿಂದ ಗಾಳಿ. ಮಾರ್ತಜ್ಜಿ, ಎಂದರೆ ನನ್ನ ಅಪ್ಪನ ತಾಯಿ, ತನ್ನ ಮದುವೆಯ ಕಾಲದ ಬೀಟೆಮರದ ಮೇಜಿಗೆ ಬಿಳಿ ಬಟ್ಟೆ ಹಾಸಿದರೆ ಅದು ಕರ್ತನ ಮೇಜು, ಯೇಸುವಿನ ಕೊನೆಯ ಭೋಜನದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಜಾಗ. ಉಳಿದ ದಿನಗಳಲ್ಲಿ ಅದರ ಮೇಲೆ ನಾನು ಮಗ್ಗಿ ಬರೆದರೆ ತಕರಾರಿರಲಿಲ್ಲ, ತಿಂಡಿ ತಿಂದರೆ ಮಾತ್ರ ಕಿವಿ ಹಿಂಡುತ್ತಿದ್ದಳು.

ತಿಂಗಳ ಎರಡನೆಯ ಭಾನುವಾರಕ್ಕೆ ಘಟ್ಟದ ಮೇಲಿಂದ ಅಯ್ಯನವರು ಬರುತ್ತಿದ್ದರು. ನಮ್ಮ ಸಭಾಪಾಲಕರನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಬಸ್ಸಿನ ಧೂಳಲ್ಲಿ ಮಿಂದು, ಸೊಂಟ ಹಿಡಿದುಕೊಂಡು ಇಳಿಯುವ ಮುದುಕರು. ಅವರಿಗಿಂತ ಮೊದಲೇ, ಶನಿವಾರ ಬೆಳಗಿನ ಬಸ್ಸಿಗೆ, ಕುಮಟೆಯಿಂದ ಲಿಡಿಯಾ ಚಿಕ್ಕಜ್ಜಿ ಬಂದಿಳಿಯುತ್ತಿದ್ದಳು. ಅಜ್ಜಿಯ ಒಬ್ಬಳೇ ತಂಗಿ. ಭೋಜನದ ರೊಟ್ಟಿಯ ಬಿಲ್ಲೆಗಳನ್ನು ಸುಡಲು ಅವಳು ಬೇಕೇ ಬೇಕು. ಯಾವ ಕಾಲದ ಪಾದ್ರಿ ಬಿಟ್ಟುಹೋದದ್ದೋ, ಉದ್ದ ಹಿಡಿಕೆಯ ಒಂದು ಕಬ್ಬಿಣದ ಇಕ್ಕಳವಿತ್ತು. ತುದಿಯಲ್ಲಿ ಅಂಗೈಯಗಲದ ಎರಡು ತಟ್ಟೆ, ಒಳಗೆ ಶಿಲುಬೆ ಕೊರೆದದ್ದು. ಒಬ್ಬಳು ಅದನ್ನು ಬೆಂಕಿಯ ಮೇಲೆ ಹಿಡಿಯಬೇಕು, ಇನ್ನೊಬ್ಬಳು ಹಿಟ್ಟು ಎರೆದು ಬೆಂದದ್ದನ್ನು ಬಿಡಿಸಬೇಕು. ಬರೀ ಗೋದಿಹಿಟ್ಟು, ನೀರು. ಉಪ್ಪು ಹಾಕಿದರೆ ನಾಲಿಗೆಗೆ ರುಚಿ ಹತ್ತಿ ಮನಸ್ಸು ಊಟದ ಕಡೆ ಓಡುತ್ತದೆ ಎನ್ನುವುದು ಅಜ್ಜಿಯ ವಾದ. ಚಿಕ್ಕಜ್ಜಿ ಹರಟೆಮಲ್ಲಿ. ಹಿಟ್ಟು ಎರೆಯುತ್ತಾ ಕುಮಟೆಯ ಸುದ್ದಿಯನ್ನೆಲ್ಲ ಒಂದೂ ಬಿಡದೆ ಹೇಳುತ್ತಿದ್ದಳು. "ಸಾಕೇ ಮಾರಾಯ್ತಿ, ಇದು ಕರ್ತನ ರೊಟ್ಟಿ, ನಿನ್ನ ಹಲಸಿನ ಹಪ್ಪಳ ಅಲ್ಲ" ಎಂದು ಅಜ್ಜಿ ಗದರಿ, ಮರುಗಳಿಗೆಯೇ "ಮತ್ತೆಂತಾತು?" ಎಂದು ಕೇಳುತ್ತಿದ್ದಳು. ಅಂಚಿನ ಕರಕಲು ಚೂರುಗಳು ನನಗೆ.

ಸಂಜೆಯಾಗುತ್ತಲೇ ಮನೆಯ ಬಣ್ಣ ಬೇರೆ. ಶನಿವಾರದ ಅರಿಕೆ ಎಂದು ಕರೆಯುತ್ತಿದ್ದರು. ಒಬ್ಬೊಬ್ಬರೇ ಒಳಕೋಣೆಗೆ ಹೋಗಿ, ನಾಳೆ ಮೇಜಿಗೆ ಬರುತ್ತೇನೆ ಎಂದು ಅಯ್ಯನವರಿಗೆ ತಿಳಿಸಬೇಕು; ಮನಸ್ಸಿನಲ್ಲಿರುವ ಭಾರವನ್ನೂ ಅಲ್ಲಿಯೇ ಇಳಿಸಬೇಕು. ಆ ಕೋಣೆಯಲ್ಲಿ ಆಡಿದ ಮಾತು ಅಯ್ಯನವರ ಬಾಯಿಂದ ಹೊರಗೆ ಬಂದದ್ದೇ ಇಲ್ಲ. ಆದರೆ ಅಲ್ಲಿಗೆ ಹೋಗುವ ಮೊದಲು ಜಗುಲಿಯಲ್ಲಿ ಇನ್ನೊಂದು ಕೆಲಸ ಮುಗಿಯಬೇಕು. ಒಬ್ಬರು ಇನ್ನೊಬ್ಬರ ಎದುರು ನಿಂತು, "ನನ್ನ ಮೇಲೆ ಎಂತಾದ್ರೂ ಇದ್ಯಾ?" ಎಂದು ಕೇಳುವುದು. "ಎಂತದೂ ಇಲ್ಲ, ಮೇಜಿಗೆ ಹೋಗು" ಎಂದು ಅವರು ಬಾಯಿಬಿಟ್ಟು ಹೇಳಬೇಕು. ತಲೆಯಾಡಿಸಿದರೆ ಆಗುವುದಿಲ್ಲ. ಭಟ್ಕಳದ ನರ್ಸ್ ಪ್ರೇಮಕ್ಕ ಆಸ್ಪತ್ರೆಯ ಅಭ್ಯಾಸಬಲದಿಂದ ಒಮ್ಮೊಮ್ಮೆ ಅಲ್ಲಿನ ಮುಸಲ್ಮಾನರ ನವಾಯತಿ ಮಾತಿನಲ್ಲೇ ಉತ್ತರ ಕೊಟ್ಟುಬಿಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅಜ್ಜಿ ಮಾತ್ರ ಕನ್ನಡದಲ್ಲಿ ಇನ್ನೊಮ್ಮೆ ಹೇಳಿಸುತ್ತಿದ್ದಳು. ಯಾರಾದರೂ ಒಬ್ಬರು ಇನ್ನೊಬ್ಬರ ಮೇಲೆ ಮುನಿಸು ಇಟ್ಟುಕೊಂಡಿದ್ದರೆ, ಅದು ತೀರುವ ತನಕ ಭಾನುವಾರ ರೊಟ್ಟಿಗೆಂದು ಎಲ್ಲರೂ ಮೇಜಿನ ಮುಂದೆ ಮೊಣಕಾಲೂರುವಾಗ ಅವರಿಬ್ಬರೂ ಕೂತಲ್ಲೇ ಕೂತಿರಬೇಕು. ಯಾರು ಎದ್ದರು, ಯಾರು ಏಳಲಿಲ್ಲ ಎಂದು ಬಾಗಿಲಿನಿಂದಾಚೆ ಯಾರೂ ಆಡಬಾರದು. ಮರ್ಯಾದೆಗಾಗಿ ಮಾಡಿಕೊಂಡ ನಿಯಮ. ಒಳ್ಳೆಯ ನಿಯಮವೇ. ನಮ್ಮ ಮನೆಯನ್ನು ತಿಂದದ್ದು ಅದೇ.

ವರ್ಷಕ್ಕೊಮ್ಮೆ ಘಟ್ಟದ ಮೇಲೆ ಎಲ್ಲ ಸಭೆಗಳೂ ಸೇರಿ ಮಹಾಸಭೆ ನಡೆಯುತ್ತಿತ್ತು. ನಮ್ಮಂಥ ಚೂರುಪಾರು ಸಭೆಗೂ ಅಲ್ಲಿ ಒಂದು ಬೆಂಚು. ನಮ್ಮ ಕಡೆಯಿಂದ ಹೋದವರು ಅಲ್ಲಿನ ದೊಡ್ಡ ಗಾಯನ ತಂಡ, ಊಟದ ಪಂಕ್ತಿ, ಭಾಷಣಗಳ ನಡುವಿನ ತೂಕಡಿಕೆ ಎಲ್ಲವನ್ನೂ ತಂದು ಜಗುಲಿಯಲ್ಲಿ ಸುರಿಯುತ್ತಿದ್ದರು. ನನಗೆ ಹತ್ತು ವರ್ಷವಿದ್ದಾಗ ಹೆಂಗಸರ ಪರವಾಗಿ ಲಿಡಿಯಾ ಚಿಕ್ಕಜ್ಜಿ ಹೋದಳು. ಅಯ್ಯನವರಿಗೆ ವಯಸ್ಸಾಯಿತು, ಕುಮಟೆಯ ತನಕ ಬಂದವರು ಮತ್ತೆ ಬಸ್ಸು ಹತ್ತುವುದು ಬೇಡ, ಕರಾವಳಿಯ ಆರಾಧನೆ ಇನ್ನು ಮುಂದೆ ಕುಮಟೆಯಲ್ಲೇ ನಡೆಯಲಿ ಎಂದು ಅಲ್ಲಿ ಮಾತು ಬಂತಂತೆ. ನಿಮ್ಮ ಅಭಿಪ್ರಾಯವೇನು ಎಂದು ಕೇಳಿದಾಗ ಚಿಕ್ಕಜ್ಜಿ ಎದ್ದುನಿಂತು, ಆಗಲಿ, ನಮ್ಮ ಮನೆಯಲ್ಲಿ ಜಾಗವಿದೆ ಎಂದಳು. ಅಕ್ಕನ ಮಂಡಿನೋವು ಅವಳ ಕಣ್ಣಿಗೆ ಕಟ್ಟಿತ್ತು. ಅಷ್ಟು ಜನಕ್ಕೆ ಹಾಸಿ, ಹೊದೆಸಿ, ಬೇಯಿಸಿ ಹಾಕಿ ಅಕ್ಕ ಸಾಯುತ್ತಿದ್ದಾಳೆ, ಇನ್ನಾದರೂ ಕೂತು ಉಣ್ಣಲಿ ಎನ್ನುವುದು ಅವಳ ಲೆಕ್ಕಾಚಾರ. ಆದರೆ ಹರಟೆಮಲ್ಲಿಯಾದ ಅವಳು ಈ ಒಂದು ಸುದ್ದಿಯನ್ನು ಮಾತ್ರ ಹೇಳಲು ತಡಮಾಡಿದಳು, ಅದು ಅಜ್ಜಿಗೆ ಅಯ್ಯನವರು ಬರೆದ ಕಾಗದದಿಂದ ಗೊತ್ತಾಯಿತು.

ಆ ತಿಂಗಳ ಶನಿವಾರ ಒಲೆಯ ಮುಂದೆ ಅಜ್ಜಿ ಇಕ್ಕಳ ಹಿಡಿದಿದ್ದಳು. "ನನ್ನ ಜಗುಲಿಯಿಂದ ಕರ್ತನ ಮೇಜು ಹೊತ್ಕಂಡು ಹೋಗೂಕೆ ನಿಂಗೆ ಯಾರು ಹೇಳಿದ್ರು?" ಎಂದಳು.

"ನಿನ್ನ ಕಾಲು ನೋಡಿ ಹೇಳ್ದೆ ಅಕ್ಕ."

"ನನ್ನ ಕಾಲು ನನ್ನ ಹತ್ರ ಒಂದು ಮಾತು ಹೇಳಿಲ್ಲ. ನೀನೂ ಹೇಳಿಲ್ಲ."

ಚಿಕ್ಕಜ್ಜಿಗೂ ಸಿಟ್ಟು ನೆತ್ತಿಗೇರಿತು. "ಮೇಜು ನಿಂದಾ, ಕರ್ತಂದಾ?" ಎಂದುಬಿಟ್ಟಳು. ಅಜ್ಜಿ ಇಕ್ಕಳವನ್ನು ನೆಲಕ್ಕಿಟ್ಟಳು. ಒಳಗಿದ್ದ ಬಿಲ್ಲೆ ಹಾಗೇ ಸುಟ್ಟು ಕಪ್ಪಾಯಿತು. ಆ ಸಂಜೆ ಜಗುಲಿಯಲ್ಲಿ ಇಬ್ಬರೂ ಉಳಿದವರನ್ನೆಲ್ಲ ಕೇಳಿದರು, ಪರಸ್ಪರ ಕೇಳಲಿಲ್ಲ. ಚಿಕ್ಕಜ್ಜಿ ಕೊನೆಯ ಬಸ್ಸಿಗೆ ಹೊರಟುಹೋದಳು.

ಕೊನೆಗೆ ಹಿರಿಯರು ಕೂತು, ಒಂದು ತಿಂಗಳು ಕುಮಟೆ, ಒಂದು ತಿಂಗಳು ಹೊನ್ನಾವರ ಎಂದು ಪಂಚಾಯ್ತಿಕೆ ಮಾಡಿದರು. ಅಜ್ಜಿ ಕುಮಟೆಗೆ ಹೋಗಲಿಲ್ಲ, ಚಿಕ್ಕಜ್ಜಿ ಇಲ್ಲಿಗೆ ಬರಲಿಲ್ಲ. ಕುಮಟೆಯ ತಿಂಗಳಿಗೆ ಅಯ್ಯನವರು ಘಟ್ಟದ ಮೇಲಿಂದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಿಲ್ಲೆ ತರುತ್ತಿದ್ದರು. ನಮ್ಮ ತಿಂಗಳಿಗೆ ಅಜ್ಜಿ ಅಪ್ಪನ ಕೈಗೆ ಇಕ್ಕಳ ಕೊಟ್ಟು ತಾನು ಹಿಟ್ಟು ಎರೆಯುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ, ಅರ್ಧಕ್ಕರ್ಧ ಸೀದುಹೋಗುತ್ತಿದ್ದವು. ಭಾನುವಾರ ಎಲ್ಲರೂ ಮೊಣಕಾಲೂರಿದಾಗ ಅವಳು ಅಡುಗೆಮನೆಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ತಾನೇ ಹಾಸಿದ ಬಿಳಿ ಬಟ್ಟೆಯನ್ನು ನೋಡುತ್ತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುವಳು. ಹುಟ್ಟಿದಾಗಿನಿಂದ ಅವಳಿಗೆ ಇದ್ದದ್ದು ಅದೊಂದೇ ಹಸಿವು ಎಂದು ಈಗ ಅನಿಸುತ್ತದೆ. "ಅವಳು ಅಲ್ಲಿ ಆರಾಮಾಗಿ ಎದ್ದು ತಗೊಳ್ತಿರಬಹುದು. ಅವಳಿಗೆ ಇದೆಲ್ಲ ಎಂತ ಲೆಕ್ಕ" ಎಂದು ಒಮ್ಮೆ ಬಟ್ಟೆ ಮಡಚುವಾಗ ತನಗೆ ತಾನೇ ಹೇಳಿಕೊಂಡಳು. ಪಕ್ಕದಲ್ಲಿ ಅಪ್ಪ ಇದ್ದ. ಕುಮಟೆಯ ತಿಂಗಳಲ್ಲೂ ಆರಾಧನೆಗೆ ಹೋಗಿ ಬರುತ್ತಿದ್ದವನು, ಬಟ್ಟೆಯ ಇನ್ನೊಂದು ತುದಿ ಹಿಡಿದು ಮಡಚಿಕೊಟ್ಟ.

ಬೆಳೆಹಬ್ಬದ ಆರಾಧನೆ ಆ ವರ್ಷ ಕುಮಟೆಯ ಪಾಲಿಗೆ ಬಂತು. ನಾನು ಅಪ್ಪನ ಜೊತೆ ಹೋದೆ. ಚಿಕ್ಕಜ್ಜಿಯ ಜಗುಲಿಯಲ್ಲಿ ಜಡೆ ಹೆಣೆದ ಈರುಳ್ಳಿ ಗೊಂಚಲು, ಕುಂಬಳಕಾಯಿ, ಉಪ್ಪುನೀರಿನ ಗದ್ದೆಯ ಕಗ್ಗ ಭತ್ತದ ಸಣ್ಣ ಮೂಟೆ, ಕಾಲು ಕಟ್ಟಿದ ಒಂದು ಹುಂಜ. ಹುಂಜ ಉಪದೇಶದುದ್ದಕ್ಕೂ ಕೂಗಿ ಅಯ್ಯನವರನ್ನು ಸೋಲಿಸಿತು. ಭೋಜನದ ಹೊತ್ತಿಗೆ ಎಲ್ಲರೂ ಎದ್ದರು. ಮನೆಯ ಯಜಮಾನತಿ ಏಳಲಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮೇಜಿಗೆ ಹೋಗುವವರಿಗೆ ಕಾಲು ತಾಗದಿರಲೆಂದು ಮುದುರಿ ಕೂತಿದ್ದಳು. ನಾನು ಇನ್ನೂ ಮೇಜಿಗೆ ಹೋಗುವ ವಯಸ್ಸಿನವಳಲ್ಲವಾದ್ದರಿಂದ ಅವಳ ಪಕ್ಕದಲ್ಲೇ ಇದ್ದೆ. "ನೀವು ಹೋಗೂದಿಲ್ವಾ?" ಎಂದು ಪಿಸುಗುಟ್ಟಿದೆ. "ನಿನ್ನ ಅಜ್ಜಿ ಹತ್ರ ಮಾತಾಡದೆ ಹ್ಯಾಂಗೆ ಹೋಗ್ಲಿ ಮಗ?" ಎಂದಳು. ಅಂದಿನವರೆಗೂ ಇಬ್ಬರು ಹೆಂಗಸರು, ಇಬ್ಬರೂ ಅದೇ ಭಯಕ್ಕೆ, ಅದೇ ಪ್ರೀತಿಗೆ, ಎರಡು ಊರುಗಳಲ್ಲಿ ಹಸಿದು ಕೂತಿದ್ದರು. ಸಭೆಗೆ ಸಭೆಯೇ ಅದನ್ನು ನೋಡುತ್ತಿತ್ತು, ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿತ್ತು. ಆ ದೊಡ್ಡವರ ಸಭ್ಯತನ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹತ್ತು ವರ್ಷದವಳಿಗೆ ಸಭ್ಯತನ ಎಲ್ಲಿಂದ ಬರಬೇಕು? ಮನೆಗೆ ಬಂದದ್ದೇ ಹೇಳಿದೆ. ಅಜ್ಜಿ ಮೊದಲು ನನ್ನನ್ನೇ ಬೈದಳು, ಅದನ್ನೆಲ್ಲ ಆಡಬಾರದು ಎಂದು. ಅಡುಗೆಮನೆಗೆ ಹೋದಳು, ತಿರುಗಿ ಬಂದಳು. "ಖರೇನಾ?" ಎಂದಳು. ಅಪ್ಪನ ಮುಖ ನೋಡಿದಳು. ಅಪ್ಪ ಹೌದೆಂದು ತಲೆಯಾಡಿಸಿದ. ಅವಳು ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಂತೋಷಕ್ಕೇ ಅತ್ತಳು.

"ನಾಳೆ ಬೆಳಿಗ್ಗೆಗೇ ಹೋಗಿ ಬರುವ ಅಮ್ಮ. ಬಸ್ಸಿಗೆ ಮುಕ್ಕಾಲು ತಾಸು" ಎಂದ ಅಪ್ಪ.

"ಕೇಳೂಕೆ ಒಂದು ದಿನ ಅಂತ ಇದೆ ಮಗ" ಎಂದಳು ಅಜ್ಜಿ. "ನಡುವೆ ಹೋಗಿ ಕೇಳಿದ್ರೆ ಅದು ನೆಂಟರ ಮಾತಾಗ್ತದೆ. ಮೇಜಿನ ಮಾತಾಗೂದಿಲ್ಲ. ನಮ್ಮ ತಿಂಗಳ ಶನಿವಾರ ಬರ್ಲಿ. ಬೆಳಿಗ್ಗೆ ನಾನೇ ಹೋಗಿ ಕೇಳಿ, ಅವಳನ್ನ ಕರ್ಕಂಡು ಬತ್ತೆ. ಇಬ್ರೂ ಸೇರಿ ಸುಡ್ತೇವೆ."

ಆ ದಿನಗಳಲ್ಲಿ ಅವಳಷ್ಟು ಹಗುರಾಗಿ ಓಡಾಡಿದ್ದನ್ನು ನಾನು ಕಂಡಿರಲಿಲ್ಲ. ಇಕ್ಕಳಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿದಳು. ತಂಗಿಗೆ ಇಷ್ಟವೆಂದು ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಬೇರೆ ತೆಗೆದಿಟ್ಟಳು. ಆ ಶನಿವಾರಕ್ಕೆ ಇನ್ನೇನು ಎರಡು ದಿನವಿದೆ ಎನ್ನುವಾಗ ಕುಮಟೆಯಿಂದ ಫೋನು ಬಂತು. ಲಿಡಿಯಾ ಚಿಕ್ಕಜ್ಜಿ ಬಾವಿಕಟ್ಟೆಯ ಬಳಿ ಬಿದ್ದಿದ್ದಾಳೆ, ಬಲಭಾಗ ಸ್ವಾಧೀನವಿಲ್ಲ, ಮಾತು ನಿಂತಿದೆ.

ಆಸ್ಪತ್ರೆಯಲ್ಲಿ ಅಜ್ಜಿ ಮಂಚದ ಬದಿಯಲ್ಲಿ ನಿಂತೇ ಕೇಳಿದಳು. ಜಗುಲಿಯಲ್ಲಿ ಕೇಳುವ ಹಾಗೆಯೇ, ಸೆರಗು ಸರಿಮಾಡಿಕೊಂಡು. "ಲಿಡಿಯಾ, ನನ್ನ ಮೇಲೆ ಎಂತಾದ್ರೂ ಇದ್ಯಾ?" ಚಿಕ್ಕಜ್ಜಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಾಯಿಂದ ಗೊರಗೊರ ಸದ್ದು ಬಂತು, ಮಾತಾಗಲಿಲ್ಲ. ಆಮೇಲೆ ಎಡಗೈ ಎತ್ತಿ ಅಜ್ಜಿಯ ಎದೆಯ ಮೇಲೆ ಇಟ್ಟು ಹಿಂದಕ್ಕೆ ನೂಕಿದಳು. ಒಮ್ಮೆಯಲ್ಲ, ಮತ್ತೆ ಮತ್ತೆ ನೂಕಿದಳು. ಶನಿವಾರ ಕಳೆದು ಭಾನುವಾರ ಬೆಳಗಾಗುವಾಗ ತೀರಿಕೊಂಡಳು.

"ಮೇಜಿಗೆ ಹೋಗು ಅಂತಲೇ ನೂಕಿದ್ದು ಮಾರ್ತಮ್ಮ, ಇನ್ನೇನು?" ಎಂದು ಅಯ್ಯನವರು ಎಷ್ಟೋ ಶನಿವಾರ ಹೇಳಿದರು. ದೇವರು ಎಂದೋ ಕ್ಷಮಿಸಿದ್ದಾನೆ ಎಂದರು. "ದೇವ್ರ ಮೇಲೆ ನಂಗೆ ಅನುಮಾನ ಇಲ್ಲ ಅಯ್ನೋರೆ" ಎನ್ನುತ್ತಿದ್ದಳು ಅಜ್ಜಿ. "ಅವಳು ಬಾಯಿಬಿಟ್ಟು ಹೇಳಿಲ್ಲ. ನನ್ನ ಮುಖ ಬ್ಯಾಡ ಅಂತ ನೂಕಿದ್ರೆ?" ಅಪ್ಪ ಬೇಡಿಕೊಂಡ, ರೇಗಿದ. ಕುಮಟೆಯ ಸರದಿಯೂ ನಮ್ಮ ಜಗುಲಿಗೇ ಮರಳಿ ಬಂತು; ಅವಳು ಪ್ರತಿ ತಿಂಗಳೂ ಸಭೆಯವರಿಗೆಲ್ಲ ಬಿಲ್ಲೆ ಸುಟ್ಟಳು, ಬಟ್ಟೆ ಹಾಸಿದಳು, ಬಾಗಿಲ ಬಳಿ ಕೂತಳು. ನಾನು ಮೊದಲ ಸಲ ಮೇಜಿಗೆ ಹೋದ ಭಾನುವಾರವೂ ಕೂತೇ ಇದ್ದಳು. ಕಡೆಗಾಲದಲ್ಲಿ ಅಯ್ಯನವರು ಹಾಸಿಗೆಯ ಬಳಿಗೇ ರೊಟ್ಟಿ ತಂದಾಗ ಅವರ ಕೈಯನ್ನು ಎರಡೂ ಕೈಗಳಿಂದ ಹಿಡಿದು ಹಣೆಗೊತ್ತಿಕೊಂಡಳು. ಬಾಯಿ ತೆರೆಯಲಿಲ್ಲ.

ಹೆದ್ದಾರಿ ಅಗಲವಾದಾಗ ಜಗುಲಿ ಹೋಯಿತು, ಅದರ ಹಿಂದೆ ಮನೆಯೂ ಹೋಯಿತು. ಕರಾವಳಿಯ ಆರಾಧನೆ ನಿಂತಿತು. ನಾನೀಗ ಘಟ್ಟದ ಮೇಲಿನ ದೊಡ್ಡ ದೇವಾಲಯಕ್ಕೆ ಹೋಗುತ್ತೇನೆ. ಅಲ್ಲಿ ಶನಿವಾರದ ಅರಿಕೆ ಇಲ್ಲ. ಆರಾಧನೆಯ ನಡುವೆ ಅಕ್ಕಪಕ್ಕದವರ ಕೈಕುಲುಕಿ ಸಮಾಧಾನವಿರಲಿ ಎಂದು ಹೇಳಿ ಸಾಲಿನಲ್ಲಿ ನಿಲ್ಲುತ್ತೇವೆ. ಯಾರ ಮೇಲೆ ಯಾರಿಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಅದು ಒಳ್ಳೆಯದೇ ಇರಬಹುದು. ಆದರೆ ನನಗೆ ಅಜ್ಜಿಯ ಮೇಲೆ ಸಿಟ್ಟಿದೆ. ಅಷ್ಟು ಹಠ ಯಾಕೆ ಮಾಡಿದೆ ಎಂದು, ಒಂದು ಶನಿವಾರಕ್ಕಾಗಿ ಅಷ್ಟು ದಿನ ಯಾಕೆ ಕಾದೆ ಎಂದು ಸಿಟ್ಟಿದೆ. ಅವಳ ನಿಯಮದ ಪ್ರಕಾರ ನಾನೂ ಕೂತೇ ಇರಬೇಕು. ಸಾಲು ಕರಗುವ ತನಕ ಕೂತಿರುತ್ತೇನೆ ಕೂಡ. ಆಮೇಲೆ, ಎಲ್ಲರಿಗಿಂತ ಕೊನೆಗೆ, ಎದ್ದು ಹೋಗಿ ಕೈ ಚಾಚುತ್ತೇನೆ. ಚಿಕ್ಕಜ್ಜಿ ನೂಕಿದ್ದು ಮೇಜಿನ ಕಡೆಗೇ ಎಂದು ನಾನು ನಂಬಿದ್ದೇನೆ. ಹಾಗೆ ನಂಬದೆ ನನಗೆ ಏಳಲಾಗುವುದಿಲ್ಲ.